ಈ ಕೂಸು ಯಾರದು

ಮೊದಲು ಲವಂಗದ ವಾಸನೆ ಬರುತ್ತಿತ್ತು, ಆಮೇಲೆ ಒಂದು ದಪ್ಪ ತೋರುಬೆರಳು. ಉಗುರು ನಡುವೆ ಉದ್ದಕ್ಕೆ ಸೀಳಿದ್ದ ಆ ಬೆರಳು ನನ್ನ ಹೆಗಲ ಮೇಲಿಂದ ಹಾದುಬಂದು, ಕಂಪ್ಯೂಟರ್ ಪರದೆಯಲ್ಲಿ ತಪ್ಪಿದ್ದ ಸಾಲಿನ ಮೇಲೆ ಟಕ್ ಟಕ್ ಎಂದು ಬಡಿಯುತ್ತಿತ್ತು. ಬೆರಳು ವಾಪಸು ಹೋದ ಮೇಲೂ ಅಲ್ಲೊಂದು ಜಿಡ್ಡಿನ ಗುರುತು ಉಳಿಯುತ್ತಿತ್ತು. ದಿನಾ ಸಂಜೆ ಮನೆಗೆ ಹೊರಡುವ ಮೊದಲು ನಾನು ಮಾಡುತ್ತಿದ್ದ ಕೊನೆಯ ಕೆಲಸ ದುಪಟ್ಟಾದ ತುದಿಯಿಂದ ಆ ಗುರುತುಗಳನ್ನು ಒರೆಸುವುದು. ಲವಂಗ ಕೊಚ್ಚಿಯ ಮಟ್ಟಾಂಚೇರಿಯ ಮಸಾಲೆ ಮಂಡಿಯಿಂದ ಬರುತ್ತಿತ್ತು. ಭಾನುವಾರ ಆತ ತಾನೇ ಹೋಗಿ ಆರಿಸಿ ತಂದು, ಅಂಗಿಯ ಜೇಬಿನಲ್ಲಿ ಪೊಟ್ಟಣ ಕಟ್ಟಿ ಇಟ್ಟುಕೊಳ್ಳುತ್ತಿದ್ದ. ಬೇರೆಯವರಿಗೆ ಒಂದು ಲವಂಗ ಕೊಟ್ಟದ್ದನ್ನು ನಾನು ನೋಡಿಲ್ಲ.

ತೀರಿಕೊಂಡವರ ಬಗ್ಗೆ ಬರೆಯುವಾಗ ‘ಅವರು’ ಎನ್ನಬೇಕು, ಗೊತ್ತು. ನನಗೆ ಕೈ ಬರುವುದಿಲ್ಲ. ಎದುರಿಗೆ ಬೇಕಾದಷ್ಟು ಸಲ ‘ಸರ್’ ಎಂದಿದ್ದೇನೆ, ಆ ಲೆಕ್ಕ ಅಲ್ಲಿಗೇ ಮುಗಿಯಿತು.

ಆತ ಕೊಚ್ಚಿ ಹತ್ತಿರದ ಕಳಮಶ್ಶೇರಿಯ ನಮ್ಮ ಸಣ್ಣ ಕಂಪನಿಯಲ್ಲಿ ಟೀಮ್ ಲೀಡ್, ನನ್ನ ಮೇಲಿನವನು. ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವುದು ನಮ್ಮ ಕೆಲಸ. ಆತ ವಿಜಯಪುರದ ಕಡೆಯವನು, ನಾನು ಮೈಸೂರಿನವಳು. ಇಡೀ ಮಹಡಿಯಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ. ಕೆಲಸಕ್ಕೆ ಸೇರಿದ ದಿನ ಇದನ್ನು ಕೇಳಿ ನನಗೆ ಹಿಗ್ಗೋ ಹಿಗ್ಗು. ಗಂಡ ತಿರುವನಂತಪುರದಲ್ಲಿ, ಬಾಹ್ಯಾಕಾಶ ಸಂಸ್ಥೆಯ ನೌಕರಿಯಲ್ಲಿ. ನಾನು ಕೊಚ್ಚಿಯಲ್ಲಿ, ಮೆಟ್ರೋ ನಿಲ್ದಾಣದ ಹತ್ತಿರದ ಹಾಸ್ಟೆಲಿನಲ್ಲಿ. ವಾರವಿಡೀ ಮಲಯಾಳಂ ಮತ್ತು ಇಂಗ್ಲಿಷ್ ಕೇಳಿ ಕೇಳಿ ಕಿವಿ ದಣಿದಿರುವಾಗ, ನಮ್ಮ ಭಾಷೆಯವರೊಬ್ಬರು ಸಿಕ್ಕರಲ್ಲ ಎಂದು ಅಮ್ಮನಿಗೂ ಫೋನು ಮಾಡಿ ಹೇಳಿದ್ದೆ.

ಆ ಹಿಗ್ಗು ಒಂದು ವಾರವೂ ಬಾಳಲಿಲ್ಲ. ಇಂಗ್ಲಿಷಿನಲ್ಲಿ ಆತ ಬಹಳ ಸೌಜನ್ಯದ ಮನುಷ್ಯ. ಮಲಯಾಳಂ ಕೂಡ ಸಲೀಸಾಗಿ ಮಾತಾಡುತ್ತಿದ್ದ, ಕ್ಯಾಂಟೀನಿನವರನ್ನು ನಗಿಸುತ್ತಿದ್ದ. ಕನ್ನಡವನ್ನು ಮಾತ್ರ ನನ್ನೊಬ್ಬಳಿಗೆಂದು ಎತ್ತಿಟ್ಟಿದ್ದ, ಅದೂ ಬೈಯುವುದಕ್ಕೆ. ಒಳ್ಳೆಯ ಮಾತು ಹೇಳಬೇಕಾದ ಅಪರೂಪದ ಸಂದರ್ಭ ಬಂದರೆ ಇಂಗ್ಲಿಷಿಗೆ ಹೊರಳುತ್ತಿದ್ದ. ಬೇರೆಯವರಿಗೆ ಮಾತು ತಿಳಿಯುವುದಿಲ್ಲವಾದ್ದರಿಂದ ದನಿ ಏರಿಸಬೇಕಾಗಿಯೂ ಇರಲಿಲ್ಲ. ಮುಖದಲ್ಲಿ ನಗು ಇಟ್ಟುಕೊಂಡೇ ‘ನಿನ್ನ ತಲಿಯಾಗ ಏನೈತಿ’ ಎಂದು ಕೇಳುತ್ತಿದ್ದ. ಪಕ್ಕದ ಸೀಟಿನ ಬಿಂದು ಚೇಚಿ, ಅಂದರೆ ಬಿಂದು ಅಕ್ಕ, ಇದನ್ನು ನೋಡಿ ನೋಡಿ, ಊರಿನವರು ಸಿಕ್ಕಿದ್ದಾರೆ, ಎಷ್ಟು ಅಕ್ಕರೆಯಿಂದ ಮಾತಾಡುತ್ತಾರೆ, ನೀನು ಅದೃಷ್ಟವಂತೆ ಮೋಳೇ, ಮಗಳೇ ಎನ್ನುತ್ತಿದ್ದರು. ಹೌದು ಚೇಚಿ ಎನ್ನುತ್ತಿದ್ದೆ ನಾನು. ಮನೆಯ ಭಾಷೆಯಲ್ಲಿ ಬೈಸಿಕೊಂಡದ್ದನ್ನು ಪರಭಾಷೆಗೆ ತಿರುಗಿಸಿ ಹೇಳಲು ನಾಚಿಕೆಯಾಗುತ್ತಿತ್ತು.

ಮಧ್ಯಾಹ್ನ ಆತ ಎಲ್ಲರಿಗೂ ಬೆನ್ನು ಹಾಕಿ, ಕಿಟಕಿಯ ಕಡೆ ಮುಖ ಮಾಡಿ ಉಣ್ಣುತ್ತಿದ್ದ. ಡಬ್ಬಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ. ಕುಸುಬಲಕ್ಕಿ ಅನ್ನ ಮತ್ತು ಮೀನುಸಾರಿನ ವಾಸನೆಯ ನಡುವೆ ಆ ಚಟ್ನಿಪುಡಿಯ ಘಮ ಬಂದರೆ ನನ್ನ ಬಾಯಲ್ಲಿ ನೀರೂರುತ್ತಿತ್ತು. ಬಸುರಿಯಾದ ಮೇಲಂತೂ ಅದರದೇ ಧ್ಯಾನ. ನಾನು ಅಲ್ಲೇ ಹಿಂದೆ ಕೂತಿರುತ್ತಿದ್ದೆ, ಆತನಿಗೆ ಗೊತ್ತಿತ್ತು. ತಿರುಗಿ ನೋಡಿ, ತಗೋ ಎಂದು ಚಿಟಿಕೆ ಪುಡಿ ಕೊಡಲಿಲ್ಲ. ಇದು ದೊಡ್ಡ ಅಪರಾಧವಲ್ಲ, ಆದರೆ ನಾನು ಮರೆತಿಲ್ಲ.

ಆ ವರ್ಷ ತಿರುವನಂತಪುರದ ಒಂದು ಹೆರಿಗೆ ಆಸ್ಪತ್ರೆಯ ಕೆಲಸ ಬಂತು. ತಾಯಿ ಮತ್ತು ಮಗುವಿನ ದಾಖಲೆಯ ಭಾಗ ನನ್ನ ಪಾಲಿಗೆ. ಅದು ಹೀಗೆ: ಹುಟ್ಟಿದ ಮಗುವಿಗೆ ಹೆಸರಿರುವುದಿಲ್ಲ. ಆಸ್ಪತ್ರೆಯ ಮಟ್ಟಿಗೆ ಅದು ಇಂಥವಳ ಮಗು, ಅಷ್ಟೆ. ಆದ್ದರಿಂದ ತಾಯಿಯದೊಂದು ದಾಖಲೆ, ಅದರ ಹೊಟ್ಟೆಯಲ್ಲಿ ಮಗುವಿನದು. ತೂಕ, ರಕ್ತದ ಗುಂಪು, ಪರೀಕ್ಷೆಗಳು, ಕೈಗೆ ಕಟ್ಟಿದ ಪಟ್ಟಿಯ ಸಂಖ್ಯೆ ಎಲ್ಲವೂ ಮಗುವಿನ ದಾಖಲೆಯಲ್ಲಿ. ಬ್ರೌಸರಿನ ಮೇಲ್ಗಡೆ ಕಾಣುವ ವಿಳಾಸದಲ್ಲೂ ಇದೇ ಕ್ರಮ. ಮೊದಲು ತಾಯಿಯ ಸಂಖ್ಯೆ, ಓರೆಗೆರೆ, ಆಮೇಲೆ ಮಗುವಿನ ಸಂಖ್ಯೆ. ಮೊಬೈಲಿನಲ್ಲೂ ಸರಿಯಾಗಿ ಕಾಣುವ ಚೆಂದದ ಪುಟ ಮಾಡಿದ್ದೆ, ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು.

ಪುಟ ನೋಡಲು ಆಸ್ಪತ್ರೆಯಿಂದ ನವಜಾತ ಶಿಶುಗಳ ವಿಭಾಗದ ಹಿರಿಯ ಸಿಸ್ಟರ್ ಬಂದಿದ್ದರು. ಅವರ ಮುಂದೆ ಚಹಾ, ಬಾಳೆಹಣ್ಣಿನ ಬೋಂಡ. ನಾನು ದೊಡ್ಡ ಪರದೆಯ ಮುಂದೆ ನಿಂತು ಒಂದೊಂದಾಗಿ ತೋರಿಸುತ್ತಿದ್ದೆ. ಅರ್ಧದಲ್ಲಿ ಲವಂಗದ ವಾಸನೆ ಬಂತು. ಆತ ಎದ್ದು ಬಂದು, ನನ್ನನ್ನು ಸರಿಯಲು ಹೇಳಿ, ವಿಳಾಸದ ಸಾಲಿನಲ್ಲಿ ತಾಯಿಯ ಸಂಖ್ಯೆಯನ್ನು ಹಾಗೇ ಬಿಟ್ಟು ಮಗುವಿನ ಸಂಖ್ಯೆಯನ್ನಷ್ಟೇ ಬದಲಿಸಿದ. ಪುಟ ತೆರೆಯಿತು. ಮೇಲೆ ಒಬ್ಬ ತಾಯಿಯ ಹೆಸರು, ಕೆಳಗೆ ಇನ್ನಾರದೋ ಮಗು. ತೂಕ ಬೇರೆ, ರಕ್ತದ ಗುಂಪು ಬೇರೆ. ನನ್ನ ಪುಟ ಎರಡನ್ನೂ ಸೇರಿಸಿ, ಏನೂ ಆಗಿಲ್ಲವೆಂಬಂತೆ, ಅದೇ ಚೆಂದದ ಅಕ್ಷರಗಳಲ್ಲಿ ತೋರಿಸುತ್ತಿತ್ತು.

ಸಿಸ್ಟರ್ ಕೈಯಲ್ಲಿದ್ದ ಚಹಾದ ಲೋಟವನ್ನು ಕೆಳಗಿಟ್ಟರು. ನಮ್ಮಲ್ಲಿ ಇಂಥದ್ದು ಆದರೆ ಏನು ಗತಿ ಎಂದು ಮಲಯಾಳಂನಲ್ಲಿ ಮೆಲ್ಲಗೆ ಕೇಳಿದರು, ನನ್ನನ್ನಲ್ಲ, ಆತನನ್ನು. ಆತ ಅವರಿಗೆ ಉತ್ತರ ಕೊಡದೆ ನನ್ನ ಕಡೆ ತಿರುಗಿ ನಗುತ್ತಾ ಕನ್ನಡಕ್ಕೆ ಬಂದ.

“ಈ ಕೂಸು ಯಾರದು?”

ಬೆರಳು ಪರದೆಯ ಮೇಲೆ ಎರಡು ಸಲ ಬಡಿಯಿತು.

“ಮ್ಯಾಲ ಈಕಿ ಹೆಸರು ಐತಿ, ಕೆಳಗ ಇನ್ನೊಬ್ಬಾಕಿ ಕೂಸು ಐತಿ. ನೀ ಕೂಸಿನ ನಂಬರ್ ಹಿಡದು ಕೂಸಿನ್ನ ತಂದಿ. ತಾಯಿನ್ನ ಕೇಳಿದೇನು, ಇದು ನಿನ್ನ ಕೂಸು ಹೌದಿಲ್ಲೋ ಅಂತ?”

ಕೇಳಿರಲಿಲ್ಲ. ಮಗುವಿನ ಸಂಖ್ಯೆ ಗೊತ್ತಿದ್ದರೆ ಸಾಕು, ನೇರವಾಗಿ ಅದನ್ನೇ ತರಬಹುದು; ವಿಳಾಸದಲ್ಲಿರುವ ತಾಯಿಯ ಸಂಖ್ಯೆ ಬರೀ ಅಲಂಕಾರ. ಹೊಸಬರೆಲ್ಲ ಮೊದಲ ಸಲ ಬರೆಯುವುದೇ ಹಾಗೆ. ಸರಿಯಾದ ದಾರಿಯೆಂದರೆ ಮೊದಲು ತಾಯಿಯನ್ನು ಹುಡುಕಿ, ಆಕೆಯ ಮಕ್ಕಳಲ್ಲಿ ಮಾತ್ರ ಈ ಮಗುವನ್ನು ಹುಡುಕುವುದು, ಸಿಗದಿದ್ದರೆ ಇಲ್ಲ ಎನ್ನುವುದು. ತಿದ್ದಲು ಐದು ನಿಮಿಷದ ಕೆಲಸ. ಸಿಸ್ಟರ್ ಹೋದ ಮೇಲೆ ನಾನು, ಮೊದಲೇ ಹೇಳಿದ್ದರೆ ಸರಿಮಾಡುತ್ತಿದ್ದೆನಲ್ಲ ಸರ್ ಎಂದೆ.

“ನಿನ್ನೆನ ನೋಡೇನಿ,” ಎಂದ. “ನಿನ್ನೆ ಹೇಳಿದ್ರ ಇವತ್ತ ಮರೀತಿದ್ದಿ. ಈಗ ಮರಿಯೂದಿಲ್ಲ.”

ಒಂದು ದಿನ ಮುಂಚೆಯೇ ತಿಳಿದಿದ್ದೂ, ಹೊರಗಿನವರ ಮುಂದೆ ಮಾನ ಕಳೆಯಲೆಂದೇ ಕಾದಿದ್ದ. ಬುದ್ಧಿ ಕಲಿಸುವುದಕ್ಕೆ ಎಂದು ಇದನ್ನು ಸಮರ್ಥಿಸುವವರಿದ್ದಾರೆ. ಅವರು ತಾವೇ ಆ ಪರದೆಯ ಮುಂದೆ ನಿಂತು ನೋಡಲಿ. ಶೌಚಾಲಯಕ್ಕೆ ಹೋಗಿ ಅತ್ತು, ಮುಖ ತೊಳೆದುಕೊಂಡು ಬಂದು ಕೂತೆ. ಆವತ್ತಿನಿಂದ ಆತನ ಮೇಲೆ ನನಗಿದ್ದದ್ದು ದ್ವೇಷ, ಬೇರೆ ಹೆಸರು ಬೇಡ.

ಆಗ ನನಗೆ ಆರು ತಿಂಗಳು. ಶುಕ್ರವಾರ ಸಂಜೆ ರೈಲು ಹತ್ತಿ ತಿರುವನಂತಪುರ, ಸೋಮವಾರ ಬೆಳಗಿನ ರೈಲಿಗೆ ವಾಪಸು. ಕೂರಲು ಜಾಗ ಸಿಗದ ದಿನ ಬಾಗಿಲ ಬಳಿ ಒರಗಿ ನಿಲ್ಲುತ್ತಿದ್ದೆ. ಕಾಲು ಊದಿಕೊಳ್ಳುತ್ತಿದ್ದವು. ಇನ್ನು ಈ ಓಡಾಟ ಬೇಡ ಎಂದು ಡಾಕ್ಟರು ಹೇಳಿದರು. ತಿರುವನಂತಪುರದ ಮನೆಯಿಂದಲೇ ಕೆಲಸ ಮಾಡಲು ಕಂಪನಿಯಲ್ಲಿ ಅವಕಾಶವಿತ್ತು, ಲೀಡ್ ಒಂದು ಮೇಲ್ ಕಳಿಸಿದರೆ ಸಾಕು. ನನಗೆ ಬೇಕಾಗಿದ್ದದ್ದು ಅದೊಂದೇ: ಹೆರಿಗೆಗೆ ಮುಂಚೆ ಗಂಡನ ಮನೆ ಸೇರುವುದು. ತಾಯಿ-ಮಗು ಭಾಗ ಸರಿಯಾಗುವವರೆಗೆ ಮೇಲ್ ಇಲ್ಲ ಎಂದು ಆತ ಹೇಳಿದ.

ಸರಿಯಾಯಿತು ಎಂದು ನಾನು ತೋರಿಸಿದಾಗಲೆಲ್ಲ ‘ಮತ್ತ ಬರಿ’ ಎನ್ನುತ್ತಿದ್ದ. ಸಂಜೆ ನಾನು ಬ್ಯಾಗು ಹೆಗಲಿಗೇರಿಸಿದ ಮೇಲೆಯೇ ಬರುತ್ತಿದ್ದ. ಏನು ತಪ್ಪು, ಯಾಕೆ ತಪ್ಪು ಎಂದು ಬಿಡಿಸಿ ಹೇಳುವ ಪದ್ಧತಿ ಇಲ್ಲ. ಬೆರಳಿನಿಂದ ಎರಡು ಸಲ ಬಡಿದು ಹೊರಟುಹೋಗುತ್ತಿದ್ದ.

ಈ ನಡುವೆ ಅಮ್ಮ ಮೈಸೂರಿನಿಂದ ತಿರುವನಂತಪುರಕ್ಕೆ ಬಂದು ಸೀಮಂತ ಮಾಡಿದರು. ನನಗೆ ರಜೆ ಸಿಗದ ಕಾರಣ ಭಾನುವಾರಕ್ಕೇ ಹೊಂದಿಸಿ, ಎರಡು ಮಹಡಿ ಕೆಳಗಿನ ಕನ್ನಡದ ಮನೆಯವರನ್ನೂ ಎದುರು ಮನೆಯ ಮಲಯಾಳಿ ಅಮ್ಮಂದಿರನ್ನೂ ಕರೆದು, ಎರಡೂ ಕೈ ತುಂಬ ಹಸಿರು ಬಳೆ ತೊಡಿಸಿದರು. ಹೆರಿಗೆಯವರೆಗೆ ತೆಗೆಯಬೇಡ ಎಂದು ಹೇಳಿ ಕಳಿಸಿದರು. ಸೋಮವಾರ ಕೀಲಿಮಣೆಯ ಮೇಲೆ ಕೈ ಇಟ್ಟರೆ ಬಳೆಗಳೆಲ್ಲ ಒಟ್ಟಿಗೆ ಸದ್ದು ಮಾಡುತ್ತಿದ್ದವು. ಬಿಂದು ಚೇಚಿ ಒಂದೊಂದು ಬಳೆ ಮುಟ್ಟಿ ನೋಡಿ ಸಂತೋಷಪಟ್ಟರು. ಆತ ತನ್ನ ಜಾಗದಿಂದಲೇ, ಎಲ್ಲರೂ ಕೇಳುವ ಹಾಗೆ, ಆದರೆ ಯಾರಿಗೂ ತಿಳಿಯದ ಹಾಗೆ ಹೇಳಿದ: “ಆ ಬಳಿ ಸಪ್ಪಳಕ್ಕ ತಲಿ ಕೆಡಾಕತ್ತೈತಿ. ತಗದಿಟ್ಟು ಕುಂದರು.”

ನಾನು ತೆಗೆಯಲಿಲ್ಲ. ಎರಡೂ ಕೈಗೆ ಕರವಸ್ತ್ರ ಬಿಗಿದು, ಬಳೆಗಳ ಬಾಯಿ ಮುಚ್ಚಿಸಿ, ಹಾಗೇ ಕೆಲಸ ಮಾಡಿದೆ. ಗಾಯವಾಗಿದೆಯೇ ಎಂದು ಕ್ಯಾಂಟೀನಿನವನು ಕೇಳಿದ.

ಹೀಗೆ ಕರವಸ್ತ್ರ ಕಟ್ಟಿಕೊಂಡಿದ್ದ ದಿನಗಳಲ್ಲೇ ಎರಡನೆಯ ಜಗಳ ನಡೆಯಿತು. ತಪ್ಪಾಗಿ ನೋಂದಾಯಿಸಿದ ದಾಖಲೆಯನ್ನು ಅಳಿಸುವ ಗುಂಡಿ ಬೇಕೆಂದು ಆಸ್ಪತ್ರೆಯವರು ಕೇಳಿದ್ದರು. ನಾನು ತಾಯಿಯ ದಾಖಲೆ ಅಳಿಸಿದರೆ ಅದರಡಿಯ ಮಕ್ಕಳದ್ದೂ ತಾನಾಗಿ ಅಳಿಸಿಹೋಗುವಂತೆ ಮಾಡಿದ್ದೆ. ಅದಕ್ಕೆ ಒಂದು ಸಾಲು ಸಾಕು. ಕಸ ಉಳಿಯುವುದಿಲ್ಲ, ಎಲ್ಲ ಚೊಕ್ಕಟ. ಬೆರಳು ಬಂದು ಆ ಸಾಲಿನ ಮೇಲೆ ನಿಂತಿತು.

“ತಾಯಿ ಹೋದ್ರ ಕೂಸೂ ಹೋಗಬೇಕಂತ ಯಾವ ಊರಾಗ ಐತಿ? ನಿಮ್ಮ ಮೈಸೂರಾಗ ಐತೇನು?”

ಏಳು ತಿಂಗಳ ಬಸುರಿಗೆ ಹೇಳುವ ಮಾತೇ ಇದು? ಹೊಟ್ಟೆಯೊಳಗೆ ಮಗು ಹೊರಳಿತು, ಅಥವಾ ನನಗೆ ಹಾಗನ್ನಿಸಿತು. ನನಗೂ ಸಿಟ್ಟು ನೆತ್ತಿಗೇರಿತ್ತು. ಇದು ಬರೀ ದಾಖಲೆ ಸರ್, ಮನುಷ್ಯರಲ್ಲ ಎಂದೆ. ಆತ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಅಡಿಯಲ್ಲಿ ಮಗು ಇರುವವರೆಗೆ ತಾಯಿಯ ದಾಖಲೆ ಅಳಿಸಲು ಬರಬಾರದು ಎಂದ. ಕೆಂಪು ಪೆಟ್ಟಿಗೆಯಲ್ಲಿ ಒಂದು ಎಚ್ಚರಿಕೆ ಬರಬೇಕು. ಅದರ ಮಾತುಗಳನ್ನು ತಾನೇ ನಿಂತು ಬರೆಸಿದ. ಇಂಗ್ಲಿಷಿನಲ್ಲಿದ್ದ ಅದು ಕನ್ನಡದಲ್ಲಿ ಹೀಗಾಗುತ್ತದೆ: ‘ಈ ತಾಯಿಗೆ ಒಂದು ಮಗುವಿದೆ. ಮೊದಲು ಮಗುವಿಗೆ ತಾಯಿಯನ್ನು ತೋರಿಸಿ.’ ಅಷ್ಟಕ್ಕೇ ಬಿಡಲಿಲ್ಲ. ಮಗುವನ್ನು ಒಬ್ಬ ತಾಯಿಯ ದಾಖಲೆಯಿಂದ ಇನ್ನೊಂದಕ್ಕೆ ಸಾಗಿಸುವ ಬೇರೆ ಪುಟ ಮಾಡು, ಇಬ್ಬರು ಸಿಬ್ಬಂದಿ ಒಪ್ಪಿದರೆ ಮಾತ್ರ ಅದು ನಡೆಯಬೇಕು ಎಂದ. ಯಾವ ಲೋಕದಲ್ಲಿ ಮಗುವಿಗೆ ತಾಯಿ ಬದಲಾಗುತ್ತಾಳೆ ಸರ್, ಇದೆಲ್ಲ ಯಾಕೆ ಬೇಕು ಎಂದು ಕೇಳಿದೆ.

“ಬರಿ ಅಂದ್ರ ಬರಿ. ಯಾಕ ಅಂತ ಕೇಳೂದು ನಿನ್ನ ಕೆಲಸ ಅಲ್ಲ.”

ಆ ಪುಟಕ್ಕೆ ಇನ್ನೂ ಮೂರು ವಾರ ಹೋಯಿತು. ನನ್ನನ್ನು ಹಿಡಿದಿಡಲೆಂದೇ ಹುಟ್ಟಿಸಿದ ಕೆಲಸವಿದು ಎಂದು ಖಂಡಿತವಾಗಿ ನಂಬಿದ್ದೆ. ರೈಲಿನಲ್ಲಿ ಊದಿದ ಕಾಲು ಎದುರಿನ ಸೀಟಿನ ಮೇಲೆ ಚಾಚಿ, ಆತನಿಗೆ ಶಾಪ ಹಾಕುತ್ತಾ, ಆ ಕೋಡು ಬರೆದು ಮುಗಿಸಿದೆ. ಒಂದು ದಿನ ಬೆರಳು ಬರಲಿಲ್ಲ. ಸಂಜೆ ಮೇಲ್ ಬಂತು. ‘ಬಿಡುಗಡೆ ಮಾಡಲಾಗಿದೆ’ ಎಂಬ ಅರ್ಥದ ಒಂದೇ ಇಂಗ್ಲಿಷ್ ಶಬ್ದ. ಶುಭವಾಗಲಿ ಎಂದಿಲ್ಲ, ಜೋಪಾನ ಎಂದಿಲ್ಲ. ನಾನೂ ಹೋಗಿಬರುತ್ತೇನೆ ಎನ್ನದೆ ಇಳಿದುಬಂದೆ.

ಡಾಕ್ಟರು ಹೇಳಿದ ದಿನಕ್ಕಿಂತ ಮೊದಲೇ ಮಗಳು ಹುಟ್ಟಿದಳು. ಮನೆಗೆ ಹತ್ತಿರವೆಂದು ಸೇರಿದ್ದು ಅದೇ ಆಸ್ಪತ್ರೆ, ಹಳೆಯ ದಾಖಲೆಗಳನ್ನೆಲ್ಲ ತುಂಬಿಸಿ ಆಗಷ್ಟೇ ಶುರುಮಾಡಿದ್ದ ನಮ್ಮದೇ ಸಾಫ್ಟ್‌ವೇರು. ಮರುದಿನವೇ ಅವಳ ಮೈ ಹಳದಿಗಟ್ಟಿತು. ಮೇಲಿನ ಮಹಡಿಯಲ್ಲಿ ನೀಲಿ ಬೆಳಕಿನ ಕೆಳಗೆ ಮಲಗಿಸಿದರು. ರಕ್ತ ತೆಗೆದು ಪರೀಕ್ಷೆಗೆ ಕಳಿಸಿದ್ದರು. ಫಲಿತಾಂಶ ನೋಡಿ, ಬೆಳಕು ಸಾಕೋ, ರಕ್ತ ಬದಲಿಸಬೇಕೋ ಎಂದು ಡಾಕ್ಟರು ತೀರ್ಮಾನಿಸಬೇಕಿತ್ತು. ಗಂಡ ಮೇಲೆ ಗಾಜಿನ ಆಚೆ ನಿಂತಿದ್ದ. ಆ ಬೆಳಿಗ್ಗೆ ಕೆಳಗಿನ ಕೌಂಟರಿನಿಂದ ನನಗೆ ಕರೆ ಬಂತು. ಹೆಸರಿನಲ್ಲಿ ಏನೋ ಗೊಂದಲವಿದೆ, ಬಂದು ಒಂದು ಸಹಿ ಹಾಕಿ ಎಂದರು. ನರ್ಸ್ ತೋಳು ಹಿಡಿದು ಕರೆದುಕೊಂಡು ಹೋದಳು.

ಗೊಂದಲ ನಾವೇ ಮಾಡಿದ್ದು. ತಿಂಗಳುಗಳ ಹಿಂದೆ ತಪಾಸಣೆಗೆಂದು ಬಂದಾಗ ನನ್ನ ಹೆಸರನ್ನು ನಾನೇ ಬರೆಸಿದ್ದೆ, ಹುಟ್ಟಿದಾಗಿನಿಂದ ಇರುವಂತೆ, ಮುಂದೆ ಅಪ್ಪನ ಇನಿಷಿಯಲ್ ಸೇರಿಸಿ. ನೋವು ಬಂದ ದಿನ ಗಂಡ ಗಾಬರಿಯಲ್ಲಿ ಕೊಟ್ಟದ್ದು ಮದುವೆಯ ನಂತರ ಮಾಡಿಸಿದ ಗುರುತಿನ ಚೀಟಿ. ಅದರಲ್ಲಿ ಅಪ್ಪ ಇಲ್ಲ, ನನ್ನ ಹೆಸರಿನ ಹಿಂದೆ ಗಂಡನ ಹೆಸರಿದೆ. ಎರಡು ಕಡೆ ಎರಡು ಹೆಸರು ಕಂಡವರಿಗೆ ಇವರಿಬ್ಬರೂ ಒಬ್ಬಳೇ ಎಂದು ತಿಳಿಯುವುದಾದರೂ ಹೇಗೆ? ಹೀಗಾಗಿ ನಾನು ಇಬ್ಬರು ತಾಯಂದಿರಾಗಿದ್ದೆ. ಬಸುರಿನ ಸ್ಕ್ಯಾನುಗಳೆಲ್ಲ ಒಬ್ಬಳಲ್ಲಿ, ಮಗು ಇನ್ನೊಬ್ಬಳಲ್ಲಿ.

ಕೌಂಟರಿನ ಹುಡುಗಿ ಎರಡೂ ಪುಟ ತೆರೆದು ನೋಡಿದಳು. ಹಳೆಯದರಲ್ಲಿ ತುಂಬ ಕಾಗದವಿದೆ, ಹೊಸದು ಖಾಲಿ ಖಾಲಿ. ಈ ಹೊಸದನ್ನು ತೆಗೆದುಬಿಡುತ್ತೇನೆ ಚೇಚಿ, ಒಂದೇ ಉಳಿಯುತ್ತದೆ ಎಂದಳು. ಅವಳು ಹೇಳಿದ್ದು ನ್ಯಾಯವಾಗಿಯೇ ಇತ್ತು. ಏನಾಗುತ್ತಿದೆಯೆಂದು ನನಗೆ ಹೊಳೆಯುವಷ್ಟರಲ್ಲಿ ಗುಂಡಿ ಒತ್ತಿಯಾಗಿತ್ತು.

ಪರದೆಯ ಮೇಲೆ ಕೆಂಪು ಪೆಟ್ಟಿಗೆ ಎದ್ದಿತು. ‘ಈ ತಾಯಿಗೆ ಒಂದು ಮಗುವಿದೆ. ಮೊದಲು ಮಗುವಿಗೆ ತಾಯಿಯನ್ನು ತೋರಿಸಿ.’

ಹುಡುಗಿ ಮತ್ತೆ ಒತ್ತಿದಳು. ಮತ್ತೆ ಅದೇ. ಯಾವ ತಲೆಕೆಟ್ಟವರು ಮಾಡಿದ್ದೋ ಇದನ್ನು ಎಂದು ಮಲಯಾಳಂನಲ್ಲಿ ಗೊಣಗಿದಳು. ನಾನು ಕೌಂಟರಿನ ಅಂಚು ಹಿಡಿದು ನಿಂತೆ. ಹೊಟ್ಟೆಯ ಹೊಲಿಗೆ ಎಳೆಯುತ್ತಿತ್ತು. ನಾನು ಮೊದಲು ಬರೆದಿದ್ದ ಆ ಒಂದು ಸಾಲು ಉಳಿದಿದ್ದರೆ ಆ ಕ್ಷಣ ಏನೇನು ಹೋಗುತ್ತಿತ್ತೆಂದು ಇಡೀ ಆಸ್ಪತ್ರೆಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ. ತೂಕ ಹೋಗುತ್ತಿತ್ತು, ಬೆಳಕಿನಲ್ಲಿಟ್ಟ ಹೊತ್ತು ಹೋಗುತ್ತಿತ್ತು, ಪಟ್ಟಿಯ ಸಂಖ್ಯೆ ಹೋಗುತ್ತಿತ್ತು. ಪ್ರಯೋಗಾಲಯದಿಂದ ಬರಲಿದ್ದ ಫಲಿತಾಂಶಕ್ಕೆ ಸೇರಲು ಮಗುವೇ ಇರುತ್ತಿರಲಿಲ್ಲ. ಜೀವಕ್ಕೇ ಕುತ್ತಾಗುತ್ತಿತ್ತು ಎಂದು ನಾನು ಹೇಳುವುದಿಲ್ಲ. ಸಿಸ್ಟರುಗಳು ಗಟ್ಟಿಗರು, ಹೇಗೋ ಹುಡುಕಿ ಹೊಂದಿಸುತ್ತಿದ್ದರು. ಆದರೆ ಹೊಂದಿಸುವ ಹೊತ್ತು ಎಷ್ಟಾಗುತ್ತಿತ್ತೋ, ಆ ಹೊತ್ತಿನಲ್ಲಿ ಮೇಲೆ ಏನಾಗುತ್ತಿತ್ತೋ, ಅದನ್ನು ಇವತ್ತೂ ಯೋಚಿಸಲು ಹೋಗುವುದಿಲ್ಲ.

ಮಗುವನ್ನು ಸಾಗಿಸುವ ಪುಟ ಎಲ್ಲಿದೆಯೆಂದು ನಾನೇ ಹುಡುಗಿಗೆ ತೋರಿಸಿದೆ. ಎರಡನೆಯ ಒಪ್ಪಿಗೆಗೆ ಮೇಲಿನಿಂದ ಹಿರಿಯ ಸಿಸ್ಟರ್ ಇಳಿದುಬಂದರು. ಬೋಂಡದ ತಟ್ಟೆಯ ಮುಂದೆ ಕೂತಿದ್ದ ಅದೇ ಸಿಸ್ಟರ್. ಅವರು ನನ್ನ ಗುರುತು ಹಿಡಿದರು. ಏನೂ ಕೇಳದೆ, ನನ್ನ ಕೈಯ ಪಟ್ಟಿಯನ್ನೂ ಮಗುವಿನ ಪಟ್ಟಿಯ ಸಂಖ್ಯೆಯನ್ನೂ ಜೋಡಿಸಿ ನೋಡಿ, ಒಪ್ಪಿಗೆ ಒತ್ತಿದರು. ಮಧ್ಯಾಹ್ನದ ಹೊತ್ತಿಗೆ ರಕ್ತದ ಫಲಿತಾಂಶ ಬಂದು ಮಗಳ ದಾಖಲೆಯಲ್ಲೇ ಕೂತಿತು. ಬೆಳಕು ಸಾಕು ಎಂದರು ಡಾಕ್ಟರು.

ಮೂರು ದಿನ ಯೋಚಿಸಿ ಆತನಿಗೆ ಕನ್ನಡದಲ್ಲಿ ಒಂದು ಸಂದೇಶ ಬರೆದೆ. ಹೀಗಾಯಿತು, ಕೆಂಪು ಪೆಟ್ಟಿಗೆ ತಡೆಯಿತು, ಆ ಮಗು ನನ್ನದು ಸರ್ ಎಂದು. ಓದಿದನೆಂದು ಎರಡು ಟಿಕ್ ನೀಲಿಯಾದವು. ಸಂಜೆ ಇಂಗ್ಲಿಷಿನಲ್ಲಿ ಉತ್ತರ ಬಂತು: ಒಬ್ಬ ತಾಯಿಗೆ ಎರಡು ದಾಖಲೆ ಹುಟ್ಟಲು ನೋಂದಣಿಯಲ್ಲಿ ಬಿಟ್ಟಿದ್ದು ಹೇಗೆ? ಅದೂ ದೋಷವೇ, ದೂರು ದಾಖಲಿಸು. ಅಷ್ಟೇ. ಹಸಿ ಬಾಣಂತಿ ನಾನು ತಲೆಗೆ ಬಟ್ಟೆ ಕಟ್ಟಿಕೊಂಡು ಕೂತು ಆ ಉತ್ತರ ಓದಿ, ಫೋನನ್ನು ಹಾಸಿಗೆಯ ಮೇಲೆ ಎಸೆದೆ.

ರಜೆ ಮುಗಿದ ಮೇಲೆ ನಾನು ತಿರುವನಂತಪುರದಲ್ಲೇ ಬೇರೆ ಕೆಲಸ ಹಿಡಿದೆ. ಆತನನ್ನು ಮತ್ತೆ ನೋಡಲಿಲ್ಲ. ಮೊನ್ನೆ ಬಿಂದು ಚೇಚಿ ಫೋನು ಮಾಡಿ ಹೋಗಿಬಿಟ್ಟರು ಎಂದರು. ಹೃದಯದ ತೊಂದರೆ, ಹೆಚ್ಚು ನರಳಲಿಲ್ಲವಂತೆ. ಊರಿಗೆ ಕೊಂಡೊಯ್ದರಂತೆ. ಹಳೆಯ ಆಫೀಸಿನ ಗುಂಪಿನಲ್ಲಿ ಎಲ್ಲರೂ ಗುರು ಎಂದು ಬರೆದರು, ತಂದೆಯಂಥವರು ಎಂದು ಬರೆದರು. ಆತನ ಸಿಡುಕಿನ ಹಿಂದೆ ಏನೋ ದೊಡ್ಡ ದುಃಖವಿತ್ತಂತೆ ಎಂದು ಒಬ್ಬರು ಸುದ್ದಿ ತೇಲಿಬಿಟ್ಟರು. ಇದ್ದಿರಬಹುದು, ನನಗೆ ಗೊತ್ತಿಲ್ಲ. ಗೊತ್ತಿಲ್ಲದ ದುಃಖವನ್ನು ಆತನ ಪರವಾಗಿ ನಾನು ಹೊಲಿದು ಕೊಡಲಾರೆ. ನಿನ್ನ ಊರಿನವರಲ್ಲವಾ ಮೋಳೇ, ಎರಡು ಸಾಲು ನೀನೂ ಹಾಕು ಎಂದು ಚೇಚಿ ಒತ್ತಾಯಿಸಿದರು. ಗುಂಪಿನಲ್ಲಿ ನಾನು ಏನೂ ಬರೆಯಲಿಲ್ಲ. ಆತನನ್ನು ಕ್ಷಮಿಸಿಲ್ಲ, ಕ್ಷಮಿಸಬೇಕೆಂದು ಆತ ಕೇಳಿಯೂ ಇಲ್ಲ.

ಮಗಳು ಈಗ ಶಾಲೆಗೆ ಹೋಗುತ್ತಾಳೆ. ಕನ್ನಡದಲ್ಲಿ ಕೇಳಿದರೆ ಮಲಯಾಳಂನಲ್ಲಿ ಉತ್ತರ ಕೊಡುತ್ತಾಳೆ. ಹೋದ ತಿಂಗಳು ಅಮ್ಮ ಬಂದಿದ್ದಾಗ, ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಮಗಳನ್ನು ನಾನು ಎಂದಿನಂತೆ “ಬಾ ಕೂಸೇ” ಎಂದು ಕರೆದೆ. ಅಮ್ಮ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ನೋಡಿದರು.

“ನಮ್ಮನೇಲಿ ಯಾರೂ ಹಂಗೆ ಕರೆಯಲ್ವಲ್ಲೇ, ಪಾಪು ಅಂತೀವಿ. ಇದೆಲ್ಲಿ ಕಲಿತೆ?”

ಆಫೀಸಿನಲ್ಲಿ ಎಂದೆ.